ಅಕ್ಕನ ಬರ್ಫದ ಜಳಕ

ಈ ಉರಿಬೇಸಿಗೆಯ ಕಲಬುರಗಿಯಲ್ಲಿ ಚಳಿಯಿಂದ ಹಲ್ಲು ಕಟಕಟಿಸುವ ಏಕೈಕ ಮನುಷ್ಯಪ್ರಾಣಿ ನಮ್ಮ ಮನೆಯಲ್ಲಿದೆ ಎಂದರೆ ನಂಬುತ್ತೀರಾ? ಇವತ್ತು ಬೆಳಿಗ್ಗೆಯೂ ಹಾಲು ಕಾಯಿಸಿ, ಇವರ ಮಾತ್ರೆ ತೆಗೆದಿಟ್ಟು, ಚಹಾಕ್ಕೆ ನೀರಿಡುತ್ತಿದ್ದೆ. ಬಚ್ಚಲಿನಿಂದ "ಯಪ್ಪಾ ಶಿವನೇ, ಸತ್ತೆ!" ಎಂಬ ಕೂಗು ಬಂತು. ನಮ್ಮ ದೊಡ್ಡ ನಾದಿನಿ ಬರ್ಫದ, ಅದೇ ಐಸಿನ, ನೀರು ಸುರಿದುಕೊಂಡರೆಂದು ತಿಳಿದು ನಾನು ಶುಂಠಿ ಜಜ್ಜಿದೆ.

ವಿಷಯ ಇಷ್ಟೇ. ನನ್ನ ಗಂಡನಿಗೆ ಕಿಡ್ನಿ ಬೇಕು. ಅವರ ಅಕ್ಕನದು, ಅಂದರೆ ಈ ನಾದಿನಿಯದು, ಹೊಂದುತ್ತದೆ. ಆದರೆ ಡಾಕ್ಟರು, "ಮೊದಲು ನಿಮ್ಮ ತೂಕ ಇಳಿಯಲಿ" ಎಂದುಬಿಟ್ಟರು. ಕಮಲಾಪುರದ ಕೆಂಪುಬಾಳೆ ತೋಟದಲ್ಲಿ ತೋಟದಷ್ಟೇ ಸೊಂಪಾಗಿ ಬೆಳೆದ ಅಕ್ಕ, ಮರುದಿನವೇ ಗಂಟು ಕಟ್ಟಿಕೊಂಡು ನಮ್ಮಲ್ಲಿಗೆ ಬಂದಿಳಿದರು.

ಮೈಯಲ್ಲಿ ಎರಡು ಬಗೆಯ ಕೊಬ್ಬು ಇರುತ್ತದೆಂದು ಮೊಬೈಲಿನಲ್ಲಿ ಕೇಳಿದ್ದರಂತೆ. "ಬಿಳೀದು ಕುಂತು ಉಣ್ಣೋ ಅಳಿಯ ಇದ್ದಂಗ. ಕಂದು ದುಡಿಯೋ ಸೊಸಿ. ಚಳಿ ಬಿತ್ತಂದ್ರ ಆಕಿ ಎದ್ದು, ಕೊಬ್ಬನ್ನೇ ಒಲಿಗೆ ಹಾಕಿ ಮೈ ಕಾಯಸ್ತಾಳ!"

ಸರಿ, ಕಲಬುರಗಿಯಲ್ಲಿ ಚಳಿ ತರುವುದೆಲ್ಲಿಂದ? ಇಲ್ಲಿ ಮಾಳಿಗೆಯ ಟಾಕಿಯ ನೀರಿಗೆ ಚಹಾಪುಡಿ ಹಾಕಿದರೆ ಸಾಕು! ಅಕ್ಕ ಸೋಲಲಿಲ್ಲ. ನೆಹರು ಗಂಜಿನ ಬರ್ಫದ ಅಂಗಡಿಗೆ ನನ್ನನ್ನು ಎಳೆದೊಯ್ದರು.

"ಮನ್ಯಾಗ ಲಗ್ನ ಅದ ಏನ್ರೀ ಅಮ್ಮಾ?"

"ಇಲ್ಲಪಾ, ನನ್ನ ಜಳಕಕ್ಕ."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಓದಿದ ಕಾನ್ವೆಂಟಿನ ಸಿಸ್ಟರು ಕಲಿಸಿದ ಶಿಸ್ತೆಲ್ಲ ನಗು ನುಂಗುವುದಕ್ಕೇ ಖರ್ಚಾಯಿತು.

ಆದರೆ ತೂಕ? ಏರಿತು! ತಣ್ಣೀರಿನಿಂದ ಎದ್ದವರೇ ಅಕ್ಕ ತೋಟದಿಂದ ತಂದ ಗೊನೆಗೆ ಕೈಹಾಕುತ್ತಿದ್ದರು. ಕೇಳಿದರೆ, "ಒಲಿ ಉರೀಬೇಕಂದ್ರ ಕಟಗಿ ಬ್ಯಾಡೇನು?" ಡಾಕ್ಟರು ನಕ್ಕುಬಿಟ್ಟರು: "ಚಳಿಗೆ ಸುಡೋದು ಸ್ವಲ್ಪ ಅಮ್ಮಾ, ಹಸಿವು ಬಹಳ."

ಅಕ್ಕ ನಗಲಿಲ್ಲ. ಮನೆಗೆ ಬಂದು ಉಳಿದ ಗೊನೆಯನ್ನು ಪಕ್ಕದ ಮನೆಯ ಆಪಾಗೆ ಕೊಟ್ಟುಬಿಟ್ಟರು. ಅಂದಿನಿಂದ ಅರ್ಧ ರೊಟ್ಟಿ, ಪುಂಡಿಪಲ್ಯ, ಕುಸನೂರಿನ ಕಡೆಗೆ ಬಿರುಸು ನಡಿಗೆ. ಬರ್ಫ ಮಾತ್ರ ಬಿಡಲಿಲ್ಲ.

"ಅದರಿಂದ ಸುಡೋದು ಸ್ವಲ್ಪ ಅಂದಾರಲ್ಲ ಅಕ್ಕಾ, ಯಾಕ ಸುಮ್ಮನ?"

"ಆ ಸ್ವಲ್ಪನೂ ನನ್ನ ತಮ್ಮಂದೇ, ಯವ್ವಾ."

ನಾಳೆ ಮತ್ತೆ ಡಾಕ್ಟರ ತೂಕದ ಯಂತ್ರದ ಮೇಲೆ ನಿಲ್ಲಬೇಕು. ಇವತ್ತು ಸಂಜೆ ಅಕ್ಕ ಹಗ್ಗದ ಮೇಲಿನ ಬಟ್ಟೆ ತೆಗೆಯುವಾಗ ಅವರ ಬಳೆ ಮೊಣಕೈವರೆಗೆ ಜಾರಿದ್ದನ್ನು ನೋಡಿದೆ. ನೋಡಿಯೂ ನಂಬಲು ಹೆದರಿದೆ. ಅಷ್ಟರಲ್ಲಿ ನಮ್ಮ ಮನೆಯ ಸಂಕಟ ತಿಳಿಯದ ಆಪಾ ಕಾಂಪೌಂಡಿನ ಮೇಲಿಂದ ಇಣುಕಿ, ನನ್ನನ್ನೇ ಗದರಿಸಿದರು:

"ಏನ್ ಬಾಯಿ, ನಿಮ್ಮ ನಾದಿನಿ ಎಷ್ಟ್ ಸೊರಗ್ಯಾರ! ಮನಿಗೆ ಬಂದವ್ರಿಗೆ ಹೊಟ್ಟಿತುಂಬ ಊಟ ಹಾಕಂಗಿಲ್ಲೇನ್ರೀ?"