ಅಣುಗಳು ಮನೆಗೆ ಹೋದವು

ಇಷ್ಟೆಲ್ಲ ಆದದ್ದು ಹೆಡ್‌ಮಾಸ್ಟರ್ ಬೆನಕಪ್ಪನವರು ಪುಕ್ಕಟೆ ಕೊಟ್ಟ ಒಂದು ಸಲಹೆಯಿಂದ.

ಚಿಗಟೇರಿಯಾಚೆ, ಹೆಸರು ಹೇಳಿದರೆ ಈಗಲೂ ಬಡಿಗೆ ಹಿಡಿದು ಬರುವ ಊರೊಂದರ ಹೈಸ್ಕೂಲು ಅದು. ವಿಜ್ಞಾನದ ಮೇಷ್ಟ್ರು ಗಾದಿಲಿಂಗಪ್ಪ ಅಲ್ಲಿ ಏಳು ವರ್ಷದಿಂದ ತಾತ್ಕಾಲಿಕ. ಏಪ್ರಿಲ್‌ನಲ್ಲಿ ಮನೆಗೆ ಕಳಿಸುವರು, ಜೂನ್‌ನಲ್ಲಿ ಮರಳಿ ಕರೆಯುವರು. ನಡುವಿನ ಎರಡು ತಿಂಗಳು ಅವನು ಮೇಷ್ಟ್ರೂ ಅಲ್ಲ, ಮನುಷ್ಯನೂ ಅಲ್ಲ. ಎಪ್ಪತ್ತೆಂಟನೇ ಇಸವಿಯ ಆ ದಿನ ಬಳ್ಳಾರಿಯಿಂದ ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಅವರು ಪಾಠ ಮೆಚ್ಚಿದರೆ ಕೆಲಸ ಖಾಯಂ.

ಹೆಂಡತಿ ಹುಲುಗಮ್ಮ ರೊಟ್ಟಿ ಕಟ್ಟಿಕೊಡುತ್ತ ಹೇಳಿದಳು: "ಈ ಸಲನೂ ಆಗ್ಲಿಲ್ಲಂದ್ರ ನಮ್ಮಪ್ಪನ ಹೊಲಕ್ಕ ಬಂದುಬಿಡ್ರಿ. ಅಲ್ಲಿ ಎತ್ತಾದ್ರೂ ಖಾಯಂ ಅದಾವ."

ಆ ಶಾಲೆಯಲ್ಲಿ ಉಪಕರಣವೆಂದರೆ ಒಡೆದ ಗಾಜಿನ ಕೊಳವೆ ಒಂದೇ. ಆದ್ದರಿಂದ ಗಾದಿಲಿಂಗಪ್ಪ ಹುಡುಗರನ್ನೇ ಅಣುಗಳನ್ನಾಗಿ ಮಾಡಿದ್ದ. ಅವನು ಮೇಜು ಬಡಿಯುವುದೇ ಶಾಖ. ಮೆಲ್ಲಗೆ ಬಡಿದರೆ ಘನ: ಹೆಗಲು ಹಿಡಿದು ನಿಂತಲ್ಲೇ ನಡುಗಬೇಕು. ಬಿರುಸಾದರೆ ದ್ರವ: ಒಬ್ಬರಿಗೊಬ್ಬರು ಮೈ ಉಜ್ಜಿಕೊಂಡು ಸರಿದಾಡಬೇಕು. ಇನ್ನೂ ಬಿರುಸಾದರೆ ಅನಿಲ: ದಿಕ್ಕೆಟ್ಟು ಓಡಿ, ಗೋಡೆಗೆ ಬಡಿದು, ವಾಪಸಾಗಬೇಕು.

ಬೆನಕಪ್ಪನವರು ತಲೆದೂಗಿ, ಮೇಜಿನ ಸದ್ದು ಗದ್ದಲದಲ್ಲಿ ಯಾರಿಗೆ ಕೇಳೀತು, ಶಾಲೆಯ ಗಂಟೆಯನ್ನೇ ಬಡಿಸಿರಿ ಎಂದರು. ಬೇವಿನ ಮರಕ್ಕೆ ನೇತುಹಾಕಿದ್ದ ರೈಲ್ವೆ ಹಳಿಯ ತುಂಡೇ ಆ ಗಂಟೆ. ಜವಾನ ಎರ್ರೆಪ್ಪ ಕಬ್ಬಿಣದ ಸಲಾಕೆ ಹಿಡಿದು ಅದರ ಬುಡದಲ್ಲಿ ನಿಂತ.

ಸಾಹೇಬರು ಬಂದು ಕುರ್ಚಿ ತುಂಬಿದರು. ತುಂಬಿ, ಎರಡೂ ಕಡೆ ಚೆಲ್ಲಿದರು. ಟಣ್... ಟಣ್. ನಲವತ್ತು ಹುಡುಗರು ಮಲೇರಿಯಾ ಹಿಡಿದವರಂತೆ ನಡುಗಿದ ರಭಸಕ್ಕೆ ಹೆಂಚಿನ ಮಣ್ಣು ಉದುರಿತು. ಟಣ್ ಟಣ್ ಎಂದಾಗ ಹುಡುಗರು ಸರಿದಾಡುತ್ತ ಸಾಹೇಬರನ್ನು ಕುರ್ಚಿಸಮೇತ ಕಿಟಕಿತನಕ ತೇಲಿಸಿಕೊಂಡು ಹೋದರು. ಸಾಹೇಬರು ನಕ್ಕರು. ಗಾದಿಲಿಂಗಪ್ಪನ ಎದೆಯೊಳಗೆ ಖಾಯಂ ಆದೇಶ ಟೈಪಾಗತೊಡಗಿತು.

"ಎರ್ರೆಪ್ಪಾ, ಶಾಖ ಏರಿಸಪ್ಪ."

ಎರ್ರೆಪ್ಪ ಏರಿಸಿದ. ಟಣಟಣಟಣ.

ಬಿಡದೆ ಗಂಟೆ ಬಡಿದರೆ ಆ ಶಾಲೆಯಲ್ಲಿ ಯಾರೂ ಯೋಚಿಸುವುದಿಲ್ಲ. ಚೀಲ ಹೆಗಲಿಗೇರಿಸಿ ಮನೆಗೆ ಓಡುತ್ತಾರೆ. ನಲವತ್ತು ಅಣುಗಳು ಬಾಗಿಲಿಂದ, ಕಿಟಕಿಯಿಂದ, ಸಾಹೇಬರ ತೊಡೆಯ ಮೇಲಿಂದ ಹೊರಟವು. ಹಿಂದೆಯೇ ಉಳಿದ ತರಗತಿಗಳೂ ಹೊರಬಿದ್ದವು. ಆರುನೂರು ಹುಡುಗರೆಬ್ಬಿಸಿದ ಧೂಳು ದೂರದ ಹಡಗಲಿಗೂ ಕಂಡು, ಅಲ್ಲಿಯವರು ಒಣಹಾಕಿದ ಬಟ್ಟೆ ಒಳಗೆ ತೆಗೆದರಂತೆ. ಹಿಂದಿ ಮೇಷ್ಟ್ರು ಸೈಕಲ್ ಹತ್ತಿ ಹುಡುಗರನ್ನೂ ಹಿಂದೆ ಹಾಕಿದರು. ಆಗಿನ್ನೂ ಬೆಳಿಗ್ಗೆ ಹನ್ನೊಂದು ಗಂಟೆ.

ಬಯಲಿನಲ್ಲಿ ಕೂಗಿ ಕೂಗಿ ಗಂಟಲು ಒಣಗಿ ಗಾದಿಲಿಂಗಪ್ಪ ಮರಳಿದಾಗ, ಕೊಠಡಿಯಲ್ಲಿ ಬೆನಕಪ್ಪನವರೂ ಸಾಹೇಬರೂ ಇಬ್ಬರೇ.

"ತಪ್ಪಾತ್ರಿ ಸಾಹೇಬ್ರ."

"ಯಾತರ ತಪ್ಪು? ಮುಚ್ಚಳ ಇಲ್ಲದ ಪಾತ್ರಿಯೊಳಗ ಅನಿಲ ನಿಲ್ಲಂಗಿಲ್ಲ. ಮೂವತ್ತು ವರ್ಷ ಸರ್ವಿಸ್ ಆದಮ್ಯಾಲ ನನಗ ಇವತ್ತು ತಿಳೀತ್ರಿ."

ಸಾಹೇಬರು ಅಲ್ಲೇ ಕುಳಿತು ವರದಿ ಬರೆದರು: ಇಂಥ ಪಾಠ ನಡೆಯುವ ಶಾಲೆಗೆ ವಿಜ್ಞಾನದ ಖಾಯಂ ಹುದ್ದೆ ಅತ್ಯಗತ್ಯ, ಇಂದಿನಿಂದಲೇ ಮಂಜೂರು. ಗಾದಿಲಿಂಗಪ್ಪ ಅವರ ಕಾಲಿಗೆ ಬಗ್ಗಿದ.

ಸಾಹೇಬರು ಬೆನಕಪ್ಪನವರ ಕಡೆ ತಿರುಗಿದರು. "ಖಾಯಂ ಹುದ್ದಿ ಅಂದಮ್ಯಾಲ ಖಾಯಂ ಮನುಷ್ಯಾನ ಬೇಕಲ್ರಿ. ಕೂಡ್ಲಿಗ್ಯಾಗ ಒಬ್ಬರು ವರ್ಗಕ್ಕ ಕಾದು ಕುಂತಾರ, ಸೋಮವಾರ ಬರ್ತಾರ. ತಾತ್ಕಾಲಿಕದವರನ್ನ ಬಿಟ್ಟುಬಿಡ್ರಿ."

ಗಾದಿಲಿಂಗಪ್ಪ ಬಗ್ಗಿದಲ್ಲೇ ಉಳಿದ. ಬೆನಕಪ್ಪನವರು ಅವನನ್ನು ಮೆಲ್ಲಗೆ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ, ಮುಂದೆ ಕಾಗದ ಇಟ್ಟರು.

"ಹೆಂಗೂ ಹುಡುಗ್ರಿಲ್ಲ, ನಿಮಗ ಪುರುಸೊತ್ತೈತಿ. ಈ ಪಾಠ ಒಂದೀಟು ಚಂದಾಗಿ ಬರದಿಟ್ಟು ಹೋಗ್ರಿ. ಹೊಸಬರಿಗೆ ಗೊತ್ತಿರಂಗಿಲ್ಲ."

ಗಾದಿಲಿಂಗಪ್ಪ ಬರೆದ. ಚಿತ್ರವನ್ನೂ ಬಿಡಿಸಿಕೊಟ್ಟ.