ಇನ್‌ಸ್ಪೆಕ್ಟರನ ಮಗಳ ಹಲ್ಲು

ಕೆಲವರ ಕೆಲಸ ಕಾರ್ಖಾನೆಯ ಗೇಟಿನಲ್ಲೇ ಉಳಿಯುತ್ತದೆ, ಕೆಲವರದು ಬೆನ್ನು ಹತ್ತಿ ಮನೆಗೂ ಬರುತ್ತದೆ. ನನ್ನದು ಎರಡನೆಯ ಜಾತಿ. ಮಹಾರಾಷ್ಟ್ರದ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಟರ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಕ್ಯಾಲೆಂಡರು ಸೊಟ್ಟಗಿದ್ದದ್ದು ಕಾಣುತ್ತದೆ, ಎದ್ದು ಸರಿಮಾಡಿ ಬಂದು ಚಹಾ ಕುಡಿಯುತ್ತೇನೆ. ನನ್ನ ಹೆಂಡತಿ ಕಲಬುರ್ಗಿಯವಳು, ನೇರ ಮಾತಿನವಳು. "ಆ ಕಣ್ಣ ಗೇಟಿನ್ಯಾಗ ಬಿಟ್ಟು ಬರ್ರಿ," ಎಂದು ಹೇಳಿ ಹೇಳಿ ಸಾಕಾಗಿದ್ದಾಳೆ.

ನಮ್ಮ ಅಂಕಿತಾಗೆ ಆಗ ಎಂಟು ವರ್ಷ. ಅವಳು ನಕ್ಕರೆ ಪಕ್ಕದ ಕ್ವಾರ್ಟರ್ಸಿನವರು ಕಾರಣ ಗೊತ್ತಿಲ್ಲದೆಯೇ ನಗುತ್ತಿದ್ದರು. ನಾನು ಮಾತ್ರ ಹಲ್ಲು ನೋಡುತ್ತಿದ್ದೆ. ಹೊಸ ಹಲ್ಲುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಒಂದು ದಿನ ಕ್ಯಾಲಿಪರ್ ಹಿಡಿದು ಅಳೆಯಲು ಹೋದೆ. ಹೆಂಡತಿ ಲಟ್ಟಣಿಗೆ ಹಿಡಿದೇ ಬಂದಳು. ಕೊನೆಗೆ ನಾಶಿಕದ ಹಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆವು. ಮೇಲಿನ ದವಡೆ ಕಿರಿದು, ಹಲ್ಲಿಗೆ ಜಾಗ ಸಾಲದು, ಎಲುಬು ಎಳೆಯದಾಗಿರುವಾಗಲೇ ಹಿಗ್ಗಿಸಿದರೆ ಒಳ್ಳೆಯದು ಎಂದರು. ಅಂಗುಳಕ್ಕೆ ಸಣ್ಣ ಸ್ಕ್ರೂ ಇರುವ ಸಾಧನವೊಂದನ್ನು ಕೂಡಿಸಿದರು. ದಿನಕ್ಕೊಮ್ಮೆ ಅದನ್ನು ಕೀಲಿಯಿಂದ ತಿರುಗಿಸುವ ಕೆಲಸ ಅಪ್ಪನದು. ನನ್ನಂಥವನ ಕೈಗೆ ಕೀಲಿ ಕೊಟ್ಟರೆ ಕೇಳಬೇಕೆ! ಗೋಡೆಗೆ ಚಾರ್ಟೇ ಅಂಟಿಸಿದೆ.

ದಿನಾ ಸಂಜೆ ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಬಾಯಿ ತೆರೆಯುತ್ತಿದ್ದಳು. "ಪಪ್ಪಾ, ಆಜ್ ನಕೋ," ಇವತ್ತು ಬೇಡ ಎಂದು ಮರಾಠಿಯಲ್ಲಿ ಬೇಡಿಕೊಳ್ಳುತ್ತಿದ್ದಳು. ನೋವಾದಾಗ ಅವಳಿಗೆ ನಮ್ಮ ಕನ್ನಡ ಬಾಯಿಗೆ ಬರುತ್ತಿರಲಿಲ್ಲ. "ಆತವ್ವಾ, ಒಂದ ಸಲ," ಎನ್ನುತ್ತಾ ನಾನು ತಿರುಗಿಸುತ್ತಿದ್ದೆ. ಕಣ್ಣೀರು ಓರೆಯಾಗಿ ಕಿವಿಯೊಳಗೆ ಇಳಿಯುತ್ತಿತ್ತು. ಹೆಂಡತಿ ಅಡುಗೆಮನೆಗೆ ಹೋಗಿ ಸುಮ್ಮಸುಮ್ಮನೆ ಪಾತ್ರೆ ಸಪ್ಪಳ ಮಾಡುತ್ತಿದ್ದಳು.

ಒಂದು ವಾರ ಕಳೆಯುವಷ್ಟರಲ್ಲಿ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ ಬಿತ್ತು. ಕೆಡಿಸಿಬಿಟ್ಟೆನೆಂದು ಗಾಬರಿಯಲ್ಲಿ ಫೋನು ಮಾಡಿದರೆ ಡಾಕ್ಟರಮ್ಮ ನಕ್ಕರು. ದವಡೆ ಹಿಗ್ಗುತ್ತಿರುವ ಗುರುತೇ ಅದು, ಕೆಲವು ತಿಂಗಳಲ್ಲಿ ತಾನಾಗಿ ಮುಚ್ಚುತ್ತದೆ ಎಂದರು. ಹೂಂ ಎಂದೆ. ಆದರೆ ನನ್ನ ಕಣ್ಣು ಒಪ್ಪಲಿಲ್ಲ.

ಅದೇ ವಾರ ಬೀದರಿನಲ್ಲಿ ನನ್ನ ತಮ್ಮನ ಮದುವೆ. ಫೋಟೋಕ್ಕೆಂದು ಬಳಗವೆಲ್ಲ ಸಾಲಾಗಿ ನಿಂತಿತ್ತು. ಯಾರೋ ಏನೋ ಚೇಷ್ಟೆ ಮಾಡಿದರು, ಅಂಕಿತಾ ಬಾಯಿ ತುಂಬ ನಕ್ಕಳು. "ಏ, ಬಾಯಿ ಮುಚ್ಚ! ಸಂದಿ ಕಾಣ್ತದ!" ಎಂದುಬಿಟ್ಟೆ. ಅಲ್ಲಿಯವರೆಗೆ ಗಮನಿಸದಿದ್ದವರೂ ಬಗ್ಗಿ ಅವಳ ಬಾಯಿ ನೋಡಿದರು. ಅವಳ ಕೈ ಮೆಲ್ಲಗೆ ಬಾಯಿಗೆ ಹೋಯಿತು. ಫೋಟೋ ಹಾಗೇ ಬಂದಿದೆ.

ಸಂದಿ ಮುಚ್ಚಿತು. ಮುಂದೆ ತಂತಿಯನ್ನೂ ಹಾಕಿಸಿದೆವು. ಈಗ ಅವಳಿಗೆ ಹದಿನಾರು. ಹಲ್ಲಿನ ಸಾಲು ಎಷ್ಟು ಚೆಂದವಿದೆ ಎಂದು ಡಾಕ್ಟರಮ್ಮನೇ ಹೊಗಳುತ್ತಾರೆ. ಆದರೆ ನಗು ಬಂದರೆ ಸಾಕು, ಕೈ ಅಡ್ಡ ಬರುತ್ತದೆ. ಹಾಲು ಕುಡಿ ಎಂದರೆ ಕೇಳಲಿಲ್ಲ, ಕನ್ನಡ ಓದಲು ಕಲಿ ಎಂದರೆ ಕೇಳಲಿಲ್ಲ. ನಾನು ಹೇಳಿದ್ದರಲ್ಲಿ ಈ ಒಂದು ಮಾತನ್ನು ಮಾತ್ರ ಎಂಟು ವರ್ಷದಿಂದ ತಪ್ಪದೆ ಪಾಲಿಸುತ್ತಿದ್ದಾಳೆ.

"ಈಗ ಛಲೋ ಆಗ್ಯಾವಲ್ಲವ್ವಾ, ಕೈ ತಗಿ," ಎಂದು ಒಮ್ಮೆ ಹೇಳಿಯೂ ನೋಡಿದೆ.

"ರೂಢಿ ಆಗ್ಯದ ಪಪ್ಪಾ, ಜಾವೂ ದ್ಯಾ ನಾ," ಎಂದಳು. ಹೋಗಲಿ ಬಿಡಿ ಎಂದು ಮಗಳೇ ನನ್ನನ್ನು ಸಮಾಧಾನ ಮಾಡಿದಳು.

ಈ ರೂಢಿ ಹೇಗೆ ಬಿಡಿಸುವುದು ಎಂದು ಹೆಂಡತಿಯನ್ನು ಕೇಳಿದೆ. ಅವಳು ಒಲೆ ಸಣ್ಣ ಮಾಡಿ ನನ್ನ ಕಡೆ ತಿರುಗಿದಳು. "ಅದು ನಿಮ್ಮ ಮುಂದಷ್ಟ ರೀ. ನನ್ನ ಮುಂದ, ಗೆಳತ್ಯಾರ ಮುಂದ ಬಾಯಿ ತುಂಬ ನಗ್ತಾಳ."

ಆಮೇಲೆ ನಾನೊಂದು ಉಪಾಯ ಮಾಡಿಕೊಂಡಿದ್ದೇನೆ. ಮಗಳಿಗೆ ಗೆಳತಿಯ ಫೋನು ಬಂತೆಂದರೆ ಪೇಪರನ್ನು ಅಗಲಕ್ಕೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿಯುತ್ತೇನೆ. ಸ್ವಲ್ಪ ಹೊತ್ತಿಗೆ ಪೇಪರಿನ ಆ ಕಡೆಯಿಂದ ಮೊದಲಿನ ಆ ಜೋರು ನಗು ಕೇಳಿಬರುತ್ತದೆ. ಎದ್ದು ನೋಡಬೇಕೆಂದು ಜೀವ ತಹತಹಿಸುತ್ತದೆ, ಆದರೂ ಪೇಪರು ಇಳಿಸುವುದಿಲ್ಲ. ಆ ಹಲ್ಲುಗಳು ನಗುವಾಗ ಹೇಗೆ ಕಾಣುತ್ತವೆ ಎಂಬುದು ಈಗ ಊರಿಗೆಲ್ಲ ಗೊತ್ತಿದೆ, ನನಗೊಬ್ಬನಿಗೆ ಗೊತ್ತಿಲ್ಲ.