ಚಾಂದನಿಯ ಕಿಮ್ಮತ್ತು

ಬೀದರ ಸುತ್ತಮುತ್ತ ಜಾನುವಾರುಗಳಿಗೆ ವಿಮೆ ಮಾಡಿಸುವುದು ನನ್ನ ಕೆಲಸ. ಎಮ್ಮೆಯ ವಿಮೆ ಮಾಡಿಸಿ ಬಂದ ದಿನ ಮನೆಯಲ್ಲಿ ಹೇಳಲು ಏನೂ ಇರುವುದಿಲ್ಲ. ಕುದುರೆಯ ವಿಮೆಗೆ ಹೋದ ದಿನ ಮಾತ್ರ ಊಟ ಆರಿದರೂ ಮಾತು ಮುಗಿಯುವುದಿಲ್ಲ. ಅದರಲ್ಲೂ ಭಾಲ್ಕಿಯ ಚಾಂದನಿಯದು.

೧. ಬಿಮಾ

ಚಾಂದನಿ ಬಿಳಿ ಕುದುರೆ. ಮದುವೆ ಮೆರವಣಿಗೆಯಲ್ಲಿ ವರನನ್ನು ಹೊರುತ್ತಾಳೆ. ಯಜಮಾನನ ಸಂಸಾರ ನಡೆಯುವುದೇ ಅವಳ ಕಾಲ ಮೇಲೆ. ಹೋದ ವರ್ಷ ಹೊಟ್ಟೆನೋವಿನಿಂದ ಅವಳು ನೆಲ ಹಿಡಿದಾಗ ಅವನೂ ಅವನ ತಾಯಿಯೂ ಊಟ ಬಿಟ್ಟಿದ್ದರಂತೆ. ಅಂದಿನಿಂದ ವಿಮೆ ಬೇಕೇಬೇಕು ಎಂದು ಅವನ ಹಟ.

ನಾನು ಹೋದಾಗ ಅವನಿರಲಿಲ್ಲ. ಕಿವಿ ಸ್ವಲ್ಪ ಮಂದವಾದ ಅವನ ತಾಯಿ ಬಾಗಿಲಲ್ಲಿದ್ದರು. ವಿಮೆಗೆ ಈ ಕಡೆ ಬಿಮಾ ಎನ್ನುವುದರಿಂದ, ಕುದುರೆಯ ಬಿಮಾಕ್ಕೆ ಬಂದಿದ್ದೇನೆ ಎಂದೆ. ಅವರಿಗೆ ಕೇಳಿಸಿದ್ದು ಬಿಮಾರ್, ಅಂದರೆ ಕಾಯಿಲೆ. ಹೌಹಾರಿ ಕೊಟ್ಟಿಗೆಗೆ ಓಡಿ, ಚಾಂದನಿಯ ಹೊಟ್ಟೆ, ಕಿವಿ, ಮೂಗು ಎಲ್ಲ ಮುಟ್ಟಿ ನೋಡಿ ತಿರುಗಿ ಬಂದರು.

"ಆಕಿ ಮುಂಜಾನೆ ರೊಟ್ಟಿ ತಿಂದಾಳ. ಬಿಮಾರ್ ಯಾಕ ಅಂತೀರಿ? ನಿಮ್ಮ ಮಾರೀನೇ ಬಾಡ್ಯಾದ. ಬರ್ರಿ, ಚಾ ಕುಡೀರಿ."

೨. ಫೋಟೊ

ವಿಮೆಗೆ ಕುದುರೆಯ ಮೈಬಣ್ಣ, ಮಚ್ಚೆ, ಸುಳಿ ಕಾಣುವ ಫೋಟೊ ಬೇಕು. ನಾಳೆ ತೆಗೆಯಲು ಬರುತ್ತೇನೆ ಎಂದು ಮೊದಲೇ ಹೇಳಿದ್ದೇ ತಪ್ಪಾಯಿತು. ಆ ತಾಯಿ ಚಾಂದನಿಗೆ ಮದುವೆಯ ಜರಿ ಝೂಲು ಹೊದಿಸಿ, ಹಣೆಗೆ ಗೊಂಡೆ ಕಟ್ಟಿ, ಕಾಲಿಗೆ ಗೆಜ್ಜೆ ಹಾಕಿ ನಿಲ್ಲಿಸಿದ್ದರು. ಒಳಗಿರುವುದು ಕುದುರೆ ಎಂದು ಬಾಲ ನೋಡಿಯೇ ತಿಳಿಯಬೇಕಿತ್ತು.

ಇದನ್ನೆಲ್ಲ ಬಿಚ್ಚಬೇಕು ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೆಣ್ಣ ನೋಡ್ಲಾಕ ಬಂದೋರು ಹಿಂಗ ಅಂತಾರೇನ್ರಿ?" ಎಂದರು.

ಕೊನೆಗೆ ಝೂಲು ಇಳಿಯಿತು, ಗೊಂಡೆ ಬಿಚ್ಚಿತು, ಗೆಜ್ಜೆ ಮಾತ್ರ ಉಳಿಯಿತು. ನಮ್ಮ ಆಫೀಸಿನಲ್ಲಿ ಗೆಜ್ಜೆ ಕಟ್ಟಿಕೊಂಡು ಫೋಟೊ ತೆಗೆಸಿಕೊಂಡ ಗಿರಾಕಿ ಅವಳೊಬ್ಬಳೇ.

೩. ಕಿಮ್ಮತ್ತು

ಕಂತು ಎಷ್ಟೆಂದು ಕೇಳಿ ಯಜಮಾನನ ಮುಖ ಸಣ್ಣದಾಯಿತು. ಅಷ್ಟು ಕಟ್ಟುವುದು ತನ್ನಿಂದಾಗದು ಎಂದ. ನನಗೂ ಕೆಡುಕೆನಿಸಿತು. ಔರಾದಿನಲ್ಲಿ ಅವನಂತೆಯೇ ಮದುವೆ ಕುದುರೆ ಸಾಕಿದವನೊಬ್ಬನಿದ್ದ. ಅವನನ್ನೂ ಇನ್ನು ಕೆಲವರನ್ನೂ ಸೇರಿಸಿ ಗುಂಪಿನ ವಿಮೆ ಮಾಡಿದೆ. ಕಂತು ಸ್ವಲ್ಪ ಇಳಿಯಿತು, ಆದರೂ ಸಾಲಲಿಲ್ಲ. ಕಾರಣ ಇವನೇ. ಪ್ರೀತಿಯಿಂದ ಚಾಂದನಿಗೆ ಇವನು ಹೇಳಿದ್ದ ಬೆಲೆಗೆ ಎರಡು ಕುದುರೆ ಬರುತ್ತಿದ್ದವು.

ಬೆಲೆ ಇಳಿಸಿದರೆ ಕಂತೂ ಇಳಿಯುತ್ತದೆ, ನಾಳೆ ಏನಾದರೂ ಆದರೆ ಬರುವ ಹಣವೂ ಅಷ್ಟೇ ಎಂದು ಬಿಡಿಸಿ ಹೇಳಿದೆ. ಹೇಳಿದ್ದು ಚಾಂದನಿಯ ಮಗ್ಗುಲಲ್ಲೇ ನಿಂತು. ಅವನು ಗಾಬರಿಯಾಗಿ ನನ್ನ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದ.

"ಆಕಿ ಮುಂದ ಮಾತಾಡಬ್ಯಾಡ್ರಿ ಸಾಹೇಬ್ರ. ಆಕಿ ಕಿವಿ ಭಾಳ ಚುರುಕ ಅದ."

ಬೇವಿನ ಗಿಡದ ಹಿಂದೆ ನಿಂತು, ಪಿಸುದನಿಯಲ್ಲಿ ಬೆಲೆ ಇಳಿಸಿದ. ಹೇಳುವಾಗ ಅವನ ಕಣ್ಣು ತುಂಬಿತ್ತು. ನಾನು ಹಳೆಯ ಅಂಕಿ ಹೊಡೆದು ಹೊಸದನ್ನು ಬರೆದೆ. ಕಂತು ಮಾತ್ರ ಅವನ ಕೈಗೆಟುಕುವಷ್ಟಾಯಿತು.

ನಾನು ಬೈಕ್ ಹತ್ತುವಷ್ಟರಲ್ಲಿ ಮತ್ತೆ ಓಡಿ ಬಂದ. ಔರಾದಿನವನ ಕುದುರೆಗೆ ಎಷ್ಟು ಬರೆದಿದ್ದೀರಿ ಎಂದು ಕೇಳಿದ. ಅದಕ್ಕೂ ಇಷ್ಟೇ ಎಂದೆ.

ಕೊಟ್ಟಿಗೆಯ ಕಡೆ ಒಮ್ಮೆ ನೋಡಿ, ದನಿ ಇನ್ನೂ ಸಣ್ಣ ಮಾಡಿದ.

"ನಮ್ಮಾಕಿಗಿ ಒಂದ್ ರೂಪಾಯಿ ಜ್ಯಾಸ್ತಿ ಬರೀರಿ. ನಾಳಿ ಆಕಿ ಕೇಳಿದ್ರ ಹೇಳ್ಲಾಕ ನನಗೂ ಮಾರಿ ಬೇಕಲ್ರಿ."